ಪ್ರಶ್ನೋತ್ತರ: ಎದುರುಮನೆಯ ಕಸ, ನಮ್ಮ ಮನಸ್ಸಿನ ಕುದಿ

ಈ ಅಂಕಣಕ್ಕೆ ಪತ್ರ ಬರೆಯುವವರು ಸಾಮಾನ್ಯವಾಗಿ ಹಳೆಯ ಬ್ಯಾಟರಿಯನ್ನು ಎಲ್ಲಿ ಕೊಡಬೇಕು, ಉಳಿದ ಔಷಧಿಯನ್ನು ಏನು ಮಾಡಬೇಕು ಎಂದು ವಿಚಾರಿಸುತ್ತಾರೆ. ಈ ಸಲ ಆರಿಸಿಕೊಂಡ ಪತ್ರಗಳು ಬೇರೆ ಬಗೆಯವು. ಇವನ್ನು ಬರೆದವರಿಗೆ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿದೆ, ತಮ್ಮ ಪಾಲಿನದನ್ನು ಮಾಡುತ್ತಲೂ ಇದ್ದಾರೆ. ಅದನ್ನು ಮಾಡದವರನ್ನು ದಿನಬೆಳಗಾದರೆ ಕಣ್ಣೆದುರು ನೋಡುತ್ತ, ಅವರ ಜೊತೆಯಲ್ಲೇ ಬದುಕುವುದು ಹೇಗೆ ಎಂಬುದು ಅವರ ಸಂಕಟ. ಪತ್ರ ಬರೆದವರ ಹೆಸರು, ಊರುಗಳನ್ನು ಬಿಟ್ಟು, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಇಪ್ಪತ್ತು ಮನೆಗಳಿರುವ ಕಟ್ಟಡದಲ್ಲಿ ನಮ್ಮ ವಾಸ. ಎಂಟು ವರ್ಷಗಳಿಂದ ಹಸಿ ಕಸ, ಒಣ ಕಸಗಳನ್ನು ಬೇರೆಯಾಗಿಯೇ ಇಡುತ್ತ ಬಂದಿದ್ದೇನೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ತೊಳೆದು ಒಣಗಿಸದೆ ಬುಟ್ಟಿಗೆ ಹಾಕಿದವಳಲ್ಲ. ಆದರೆ ಎದುರುಮನೆಯವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಕೆಳಗಿನ ಡ್ರಮ್ಮಿನಲ್ಲಿ ನಾನು ಹಾಕಿದ ಒಣ ಕಸದ ಮೇಲೆಯೇ ಎಸೆದು ಹೋಗುತ್ತಾರೆ. ಕಳೆದ ತಿಂಗಳು ತಡೆಯಲಾರದೆ ಆ ಚೀಲವನ್ನು ಎತ್ತಿಕೊಂಡು ಹೋಗಿ ಅವರ ಬಾಗಿಲಿನ ಮುಂದೆ ಇಟ್ಟುಬಂದೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿದೆ, ಕಸ ಮಾತ್ರ ಹಾಗೆಯೇ ಬೀಳುತ್ತಿದೆ. ನನ್ನೊಬ್ಬಳ ದುಡಿಮೆಗೆ ಅರ್ಥವಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡು, ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ನೀವು ಬೇರ್ಪಡಿಸಿಟ್ಟ ಒಣ ಕಸದ ಮೇಲೆ ಬೇರೆಯವರ ಹಸಿ ಕಸ ಬಿದ್ದ ದಿನ ನಿಮ್ಮ ಶ್ರಮದ ಒಂದು ಪಾಲು ನಿಜವಾಗಿಯೂ ಹಾಳಾಗುತ್ತದೆ. ಎಣ್ಣೆ, ಎಂಜಲು ಹತ್ತಿದ ಕಾಗದ ಮತ್ತೆ ಒಳ್ಳೆಯ ಕಾಗದವಾಗುವುದು ಕಷ್ಟ, ಏಕೆಂದರೆ ನಾರಿನೊಳಗೆ ಇಳಿದ ಜಿಡ್ಡು ಸುಲಭವಾಗಿ ಬಿಡುವುದಿಲ್ಲ. ಕೊಳಕಾದ ಪ್ಲಾಸ್ಟಿಕ್ಕನ್ನು ತೊಳೆಯುವ ಖರ್ಚು ಅದರ ಬೆಲೆಯನ್ನು ಮೀರಿತೆಂದರೆ ಅದನ್ನು ಕೊಳ್ಳುವವರೇ ಇರುವುದಿಲ್ಲ. ಚೀಲದೊಳಗೆ ಕಟ್ಟಿಹೋದ ಹಸಿ ಕಸವೂ ಗೊಬ್ಬರವಾಗುವ ಭಾಗ್ಯವನ್ನು ಕಳೆದುಕೊಂಡು, ಕಸದ ಗುಡ್ಡದ ಅಡಿಯಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲವನ್ನು ಬಿಡುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಈ ಅನಿಲ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. 2015ರವರೆಗೆ ಜಗತ್ತಿನಲ್ಲಿ ತಯಾರಾದ ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ಕಿನ ಜಾತಕವನ್ನು ಜಾಲಾಡಿದ ವಿಜ್ಞಾನಿಗಳು, ಅದರಲ್ಲಿ ಕಸವಾಗಿ ಹೊರಬಿದ್ದ ಪಾಲಿನಲ್ಲಿ ಮರುಬಳಕೆಗೆ ಹೋದದ್ದು ಶೇ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟಿಸಿದರು. ಇದಕ್ಕೆ ಕಾರಣಗಳು ಹಲವು. ಎಷ್ಟೋ ಬಗೆಯ ಪ್ಲಾಸ್ಟಿಕ್ ಮರುಬಳಕೆಗೆ ಒಗ್ಗುವುದೇ ಇಲ್ಲ. ಆದರೆ ನಿಮ್ಮ ಕಟ್ಟಡದ ಡ್ರಮ್ಮಿನಲ್ಲಿ ದಿನವೂ ನಡೆಯುತ್ತಿರುವ ಬೆರಕೆಯೂ ಆ ಕಾರಣಗಳಲ್ಲಿ ಒಂದು. ನಷ್ಟ ಆಗುತ್ತಿರುವುದು ಸತ್ಯ, ನಿಮಗೆ ಅದು ಕಾಣುತ್ತಿದೆ, ಆದ್ದರಿಂದ ನಿಮ್ಮ ಸಿಟ್ಟನ್ನು ಅತಿರೇಕವೆಂದು ನಾನು ಹೇಳಲಾರೆ.

ಹಾಗಿದ್ದೂ ಚೀಲವನ್ನು ಬಾಗಿಲಿಗೆ ಇಟ್ಟುಬಂದದ್ದರಿಂದ ಏನಾಯಿತು ಎಂಬುದನ್ನು ಅವರ ಕಡೆಯಿಂದ ನೋಡಿ. ಬಾಗಿಲು ತೆರೆದ ಕ್ಷಣದಿಂದ ಅವರ ಮನೆಯಲ್ಲಿ ನಡೆದಿರಬಹುದಾದ ಮಾತೆಲ್ಲ ನಿಮ್ಮ ನಡತೆಯದು, ಕಸದ್ದಲ್ಲ. ತನ್ನ ಇಷ್ಟದಂತೆ ನಡೆಯುವ ಸ್ವಾತಂತ್ರ್ಯಕ್ಕೆ ಯಾರೋ ಕೈಹಾಕಿದರು ಅನ್ನಿಸಿದ ಮನುಷ್ಯ, ಆ ಸ್ವಾತಂತ್ರ್ಯ ಎಷ್ಟೇ ಕ್ಷುಲ್ಲಕವಾಗಿರಲಿ, ಅದನ್ನು ಉಳಿಸಿಕೊಳ್ಳಲು ಹಟ ಹಿಡಿಯುತ್ತಾನೆ ಎಂಬುದನ್ನು ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಷ್ಟು ಹಿಂದೆಯೇ ವಿವರಿಸಿದ್ದರು. ನಿನ್ನೆಯವರೆಗೆ ಬರೀ ಉದಾಸೀನದಿಂದ ಕಸ ಬೆರೆಸುತ್ತಿದ್ದವರು ಇಂದು ಮರ್ಯಾದೆಯ ಪ್ರಶ್ನೆಯಾಗಿ ಬೆರೆಸುತ್ತಿರಬಹುದು.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳುವುದು ಉಪಯುಕ್ತ. ನಾನು ಹಿಂದೆ ವಾಸವಿದ್ದ ಕಟ್ಟಡದಲ್ಲೂ ಇದೇ ಜಗಳವಿತ್ತು. ಒಂದು ಬೆಳಿಗ್ಗೆ, ಯಾರು ತಪ್ಪು ಮಾಡುತ್ತಾರೆಂದು ಕಂಡುಹಿಡಿದೇ ತೀರುತ್ತೇನೆಂಬ ಹಟದಲ್ಲಿ ಅರ್ಧ ಗಂಟೆ ಡ್ರಮ್ಮುಗಳ ಬಳಿ ನಿಂತೆ. ಮೂರು ಡ್ರಮ್ಮುಗಳೂ ಒಂದೇ ಬಣ್ಣದವು. ಅವುಗಳ ಮೇಲಿನ ಅಕ್ಷರಗಳು ಮಳೆ ಬಿಸಿಲಿಗೆ ಮಾಸಿ ಹೋಗಿದ್ದವು. ಮುಚ್ಚಳಗಳು ಎಷ್ಟು ಭಾರವಿದ್ದವೆಂದರೆ ಎರಡು ಕೈ ಹಚ್ಚದೆ ಎತ್ತಲು ಆಗುತ್ತಿರಲಿಲ್ಲ. ಬರುವವರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗುವಿನ ಕೈಯನ್ನೋ ವಾಹನದ ಕೀಲಿಯನ್ನೋ ಹಿಡಿದುಕೊಂಡು, ಕೆಲಸಕ್ಕೆ ತಡವಾದ ಆತುರದಲ್ಲಿ ಬರುತ್ತಿದ್ದರು. ಒಂದು ಡ್ರಮ್ಮಿನ ಮುಚ್ಚಳ ಮಾತ್ರ ಮುರಿದು ಸದಾ ತೆರೆದಿರುತ್ತಿತ್ತು, ಅದು ಒಣ ಕಸದ್ದು. ಅರ್ಧ ಗಂಟೆಯಲ್ಲಿ ಬಂದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಅದಕ್ಕೇ ಹಾಕಿದರು. ಅವರಲ್ಲಿ ಇಬ್ಬರು ಮನೆಯಲ್ಲಿ ಬೇರ್ಪಡಿಸಿಯೇ ತಂದ ಎರಡು ಚೀಲಗಳನ್ನು ಆ ಒಂದೇ ಬಾಯಿಗೆ ಸುರಿದು ಹೋದದ್ದನ್ನು ನೋಡಿದಾಗ, ಅಷ್ಟು ದಿನ ಬೈದುಕೊಂಡಿದ್ದವರ ಬಗ್ಗೆ ನನ್ನ ತೀರ್ಪು ಬದಲಾಯಿತು. ಮುಂದಿನ ವಾರ ಕಾಲಿನಿಂದ ತುಳಿದರೆ ಮುಚ್ಚಳ ತೆರೆದುಕೊಳ್ಳುವ ಡ್ರಮ್ಮನ್ನು ಹಸಿ ಕಸಕ್ಕೆಂದು ಮೆಟ್ಟಿಲಿಗೆ ಹತ್ತಿರವಾಗಿ ಇರಿಸಿದೆವು. ಒಣ ಕಸದ ಡ್ರಮ್ಮಿನ ಮುಚ್ಚಳಕ್ಕೆ ಸಣ್ಣ ಬಾಯಿ ಕೊರೆಸಿ, ಅದರ ಮೈಗೆ ಒಂದು ಖಾಲಿ ಬಾಟಲಿ, ಒಂದು ರಟ್ಟಿನ ತುಂಡನ್ನು ತಂತಿಯಿಂದ ಕಟ್ಟಿದೆವು. ಎಲ್ಲರೂ ಸರಿಹೋದರೆಂದು ಹೇಳಲಾರೆ, ನಾಲ್ಕು ಮನೆಗಳವರು ಕೊನೆಯವರೆಗೂ ಬದಲಾಗಲಿಲ್ಲ. ಆದರೆ ಜಗಳ ನಾಲ್ಕು ಮನೆಗಳಿಗೆ ಇಳಿಯಿತು.

ಜಾಗದ ಸ್ಥಿತಿ ಜನರ ನಡತೆಯನ್ನು ತಿದ್ದುತ್ತದೆ ಎಂಬುದಕ್ಕೆ ನನ್ನ ಕಟ್ಟಡಕ್ಕಿಂತ ಗಟ್ಟಿಯಾದ ಸಾಕ್ಷಿಗಳಿವೆ. ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದಲ್ಲಿ ಕೀಸ್ ಕೈಜರ್ ಎಂಬ ಸಂಶೋಧಕ ಮತ್ತು ಸಂಗಡಿಗರು, ಜನ ನಿಲ್ಲಿಸಿ ಹೋಗಿದ್ದ ಸೈಕಲ್ಲುಗಳ ಹಿಡಿಗೆ ಕರಪತ್ರಗಳನ್ನು ಸಿಕ್ಕಿಸಿಟ್ಟು, ಹತ್ತಿರದಲ್ಲಿ ಕಸದ ಬುಟ್ಟಿ ಇಲ್ಲದಂತೆ ನೋಡಿಕೊಂಡು, ಸವಾರರು ಅದನ್ನೇನು ಮಾಡುತ್ತಾರೆಂದು ಗಮನಿಸಿದರು. ಪಕ್ಕದ ಗೋಡೆ ಶುಭ್ರವಾಗಿದ್ದಾಗ ಅದನ್ನು ನೆಲಕ್ಕೆಸೆದವರು ಶೇ 33. ಅದೇ ಗೋಡೆಯ ಮೇಲೆ ಗೀಚಿ ಕೆಡಿಸಿದ್ದಾಗ ಎಸೆದವರು ಶೇ 69. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎರಡೂ ಸಲ ಬಂದವರು ಅದೇ ಬೀದಿಯಲ್ಲಿ ಸೈಕಲ್ ನಿಲ್ಲಿಸುವ ಸಾಮಾನ್ಯ ಜನ. ಆದ್ದರಿಂದ ನಿಮ್ಮ ಕಟ್ಟಡದಲ್ಲಿ ಡ್ರಮ್ಮುಗಳಿರುವ ಮೂಲೆಯನ್ನು ತೊಳೆಸಿ, ಬೆಳಕು ಬರುವಂತೆ ಮಾಡಿಸುವುದು ಬರೀ ಅಂದಕ್ಕೆ ಮಾಡುವ ಕೆಲಸವಲ್ಲ.

ಎದುರುಮನೆಯ ವಿಷಯಕ್ಕೆ ಬರುತ್ತೇನೆ. ನೀವೇ ಹೋಗಿ ಬಾಗಿಲು ತಟ್ಟಿ, ಚೀಲವನ್ನು ಬಾಗಿಲಿಗೆ ಇಟ್ಟದ್ದು ತಪ್ಪಾಯಿತೆಂದು ಹೇಳಿ. ಕಸದ ಬಗ್ಗೆ ಕಾಳಜಿ ವಹಿಸಿದ್ದಕ್ಕೆ ಕ್ಷಮೆ ಕೇಳಬೇಕಾಗಿಲ್ಲ, ಆ ದಿನದ ನಡವಳಿಕೆಗೆ ಕೇಳಿದರೆ ಸಾಕು. ಅದೇ ದಿನ ಉಪದೇಶಕ್ಕೆ ಇಳಿಯಬೇಡಿ. ಮಾತು ಮತ್ತೆ ಹುಟ್ಟಿದ ಮೇಲೆ ಒಂದೇ ಒಂದನ್ನು ಕೇಳಿ: ಹಸಿ ಕಸವನ್ನು ಮಾತ್ರ ಬೇರೆ ಚೀಲದಲ್ಲಿ ಕೊಡಲು ಆಗುತ್ತದೆಯೇ ಎಂದು. ತೊಳೆಯುವುದು, ಒಣಗಿಸುವುದು, ನಾಲ್ಕು ಬಗೆಯಾಗಿ ವಿಂಗಡಿಸುವುದು ಇವೆಲ್ಲವನ್ನೂ ಒಟ್ಟಿಗೆ ಮುಂದಿಟ್ಟರೆ ಎಂಟು ವರ್ಷಗಳಲ್ಲಿ ನಿಮಗೆ ರೂಢಿಯಾದದ್ದನ್ನು ಅವರ ಮೇಲೆ ಎಂಟು ನಿಮಿಷಗಳಲ್ಲಿ ಹೇರಿದಂತಾಗುತ್ತದೆ. ಹಸಿಯದೊಂದು ಬೇರೆಯಾದರೆ ಮಿಕ್ಕದ್ದರ ಮುಕ್ಕಾಲು ಕೆಲಸ ತಾನಾಗಿಯೇ ಹಗುರವಾಗುತ್ತದೆ.

ಇಷ್ಟಾದ ಮೇಲೂ ಕೇಳದವರಿಗೆ ಏನು ಮಾಡುವುದು ಎಂದು ನೀವು ಕೇಳಬಹುದು. ಅದಕ್ಕೆ ನಿಯಮ ಬೇಕು, ಆ ನಿಯಮವನ್ನು ಇಪ್ಪತ್ತು ಮನೆಗಳವರೂ ಕೂತು ಮಾಡಿರಬೇಕು. ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ, ಅದು ಹಾಳಾಗಿಯೇ ತೀರುತ್ತದೆ ಎಂಬ ವಾದವನ್ನು ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬಲವಾಗಿ ಮುಂದಿಟ್ಟಿದ್ದರು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆ ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲುಗಳನ್ನೂ ಸ್ಪೇನಿನ ನೀರಾವರಿ ಕಾಲುವೆಗಳನ್ನೂ ಪರಿಶೀಲಿಸಿ, ಜನರು ತಾವೇ ನಿಯಮ ಮಾಡಿಕೊಂಡು ಶತಮಾನಗಳ ಕಾಲ ಇಂಥವನ್ನು ಕಾಪಾಡಿಕೊಂಡಿರುವುದನ್ನು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅಂಥ ಸಮುದಾಯಗಳಲ್ಲಿ ಅವರು ಗುರುತಿಸಿದ ಒಂದು ಲಕ್ಷಣ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೊದಲ ತಪ್ಪಿಗೆ ಶಿಕ್ಷೆ ಬಹಳ ಹಗುರವಾಗಿರುತ್ತದೆ, ತಪ್ಪು ಮರುಕಳಿಸಿದಂತೆ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ನಿಮ್ಮ ಚೀಲದ ಪ್ರಸಂಗದಲ್ಲಿ ಹಗುರವಾದ ಮೆಟ್ಟಿಲುಗಳೆಲ್ಲ ಬಿಟ್ಟುಹೋಗಿ, ಎಂಟು ವರ್ಷಗಳ ಮೌನದ ಮೇಲೆ ಒಮ್ಮೆಲೇ ಕೊನೆಯ ಮೆಟ್ಟಿಲು ಬಂದುಬಿಟ್ಟಿತು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ "ನಿಮ್ಮಲ್ಲಿ ಬಹುತೇಕರು ದೀಪ, ಫ್ಯಾನ್ ಆರಿಸದೆ ಹೋಗುತ್ತಿದ್ದೀರಿ, ಇದು ನಾಚಿಕೆಗೇಡು" ಎಂದು ಬರೆದು ಅಂಟಿಸಿದ್ದೇನೆ. ಒಂದಿಷ್ಟೂ ಪ್ರಯೋಜನವಾಗಿಲ್ಲ. ಇನ್ನೂ ಕಟುವಾಗಿ ಬರೆಯಲೇ?

ಉತ್ತರ: ಬೇಡ, ಈಗಿರುವುದನ್ನೂ ಇಂದೇ ತೆಗೆಯಿರಿ. ಬಹುತೇಕರು ಆರಿಸುವುದಿಲ್ಲ ಎಂದು ಬರೆದಾಗ ಓದುವವರಿಗೆ ಮುಟ್ಟುವ ಸುದ್ದಿ, ಆರಿಸದಿರುವುದೇ ಇಲ್ಲಿನ ವಾಡಿಕೆ ಎಂಬುದು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಮಾರ್ಪಟ್ಟ ಪ್ರಾಚೀನ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಚೂರುಗಳನ್ನು ಪ್ರವಾಸಿಗರು ಕದ್ದೊಯ್ಯುವುದನ್ನು ತಡೆಯಲು ಎಂಥ ಫಲಕ ಬೇಕೆಂದು ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪರೀಕ್ಷಿಸಿದರು. ಹಿಂದೆ ಬಂದವರಲ್ಲಿ ಅನೇಕರು ಚೂರುಗಳನ್ನು ಒಯ್ದು ಉದ್ಯಾನವನ್ನು ಕೆಡಿಸಿದ್ದಾರೆಂದು ಮರುಗುವ ಫಲಕವಿದ್ದ ಕಡೆ, ಗುರುತು ಹಾಕಿಟ್ಟ ಚೂರುಗಳಲ್ಲಿ ಸುಮಾರು ಶೇ 8 ಕಾಣೆಯಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಹೇಳಿದ ಕಡೆ ಶೇ 2ಕ್ಕಿಂತ ಕಡಿಮೆ. ಅವರದೇ ತಂಡ ಹೋಟೆಲ್ ಕೋಣೆಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಪರಿಸರವನ್ನು ಉಳಿಸಿ ಎಂಬ ಸಾಮಾನ್ಯ ಮನವಿಗಿಂತ, ಇಲ್ಲಿ ತಂಗಿದವರಲ್ಲಿ ಹೆಚ್ಚಿನವರು ಟವೆಲನ್ನು ಮರಳಿ ಬಳಸುತ್ತಾರೆ ಎಂಬ ಮಾತಿಗೆ ಹೆಚ್ಚು ಮಂದಿ ಓಗೊಟ್ಟರು.

ನಿಮ್ಮ ಕಚೇರಿಯಲ್ಲಿ ಹೆಚ್ಚಿನವರು ಆರಿಸುವುದೇ ಇಲ್ಲವೆಂದಾದರೆ, ಆರಿಸುತ್ತಾರೆಂದು ಸುಳ್ಳು ಬರೆಯಬೇಡಿ. ಯಾವ ಸ್ವಿಚ್ಚು ಯಾವ ದೀಪದ್ದೆಂದು ಪ್ರತಿಯೊಂದರ ಪಕ್ಕದಲ್ಲೂ ಬರೆದು, ಹೊರಗೆ ಹೋಗುವ ಬಾಗಿಲಿನ ಬಳಿ "ಕೊನೆಯಲ್ಲಿ ಹೊರಡುವವರು ದಯವಿಟ್ಟು ಈ ನಾಲ್ಕು ಸ್ವಿಚ್ಚುಗಳನ್ನು ಆರಿಸಿ" ಎಂದು ಬರೆದರೆ ಸಾಕು. ಯಾವುದನ್ನು ಒತ್ತಿದರೆ ಯಾವುದು ಆರುತ್ತದೆಂದು ತಿಳಿಯದೆ ಸುಮ್ಮನಾಗುವವರು ನಾವು ಎಣಿಸಿದ್ದಕ್ಕಿಂತ ಹೆಚ್ಚು.

ಪ್ರಶ್ನೆ: ಪಕ್ಕದ ಮನೆಯ ಹಿರಿಯರು ದಿನವೂ ಬೆಳಿಗ್ಗೆ ಒಣಗಿದ ಎಲೆಗಳ ಜೊತೆಗೆ ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ, ವೈರಿನ ತುಂಡುಗಳನ್ನೂ ಸೇರಿಸಿ ಸುಡುತ್ತಾರೆ. ನನ್ನ ಮಗಳಿಗೆ ಉಬ್ಬಸವಿದೆ. ಕೇಳಿದರೆ, ಸುಟ್ಟರೆ ಕಸ ಇಲ್ಲವಾಗುತ್ತದೆ, ಹೊಗೆಗೆ ಸೊಳ್ಳೆಯೂ ಹೋಗುತ್ತದೆ ಅನ್ನುತ್ತಾರೆ. ಹಿರಿಯರೆಂಬ ಸಂಕೋಚದಿಂದ ಹೆಚ್ಚು ಮಾತನಾಡಲಾಗಿಲ್ಲ.

ಉತ್ತರ: ಮೊದಲ ಪತ್ರಕ್ಕೆ ಹೇಳಿದ ತಾಳ್ಮೆಯನ್ನು ಇಲ್ಲಿ ನಾನು ಹೇಳುವುದಿಲ್ಲ. ಬೆರಸಿದ ಕಸ ಮನಸ್ಸಿಗೆ ನೋವು ಕೊಡುತ್ತದೆ, ಈ ಹೊಗೆ ನಿಮ್ಮ ಮಗಳ ಎದೆಗೆ ಇಳಿಯುತ್ತಿದೆ.

ಕಸ ಇಲ್ಲವಾಗುವುದಿಲ್ಲ, ಅದು ಗಾಳಿಗೂ ಬೂದಿಗೂ ಹಂಚಿಹೋಗುತ್ತದೆ. ಒಣ ಎಲೆಯೊಂದನ್ನೇ ಸುಟ್ಟರೂ ಅದರ ಹೊಗೆಯಲ್ಲಿ ಕೂದಲೆಳೆಗಿಂತ ಹತ್ತಾರು ಪಟ್ಟು ತೆಳುವಾದ ಕಣಗಳಿರುತ್ತವೆ, ಅವು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ, ಉಬ್ಬಸವಿರುವವರನ್ನು ಕೆರಳಿಸುತ್ತವೆ. ವೈರಿನ ಹೊದಿಕೆ ಮತ್ತು ಕೆಲವು ಬಗೆಯ ಚಪ್ಪಲಿಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದ ಆದವು, ಅದರಲ್ಲಿ ಕ್ಲೋರಿನ್ ಇರುತ್ತದೆ. ಅಂಗಳದಲ್ಲಿ ಹೊಗೆಯಾಡುತ್ತ ಅರೆಬರೆ ಉರಿಯುವ ಬೆಂಕಿಯಲ್ಲಿ ಅದು ಸುಟ್ಟಾಗ ಡಯಾಕ್ಸಿನ್ ಎಂಬ ಗುಂಪಿನ ವಿಷಗಳು ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಘೋರವಾದ ಒಂದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ದೇಹದ ಕೊಬ್ಬಿಗೆ ಸೇರಿದ ಡಯಾಕ್ಸಿನ್ನಿನ ಪ್ರಮಾಣ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಅದು ನೆಲಕ್ಕೆ ಬಿದ್ದು, ಮೇವಿಗೆ ಸೇರಿ, ಪ್ರಾಣಿಗಳ ಮೂಲಕ ಆಹಾರವಾಗಿ ನಮ್ಮನ್ನು ತಲಪುತ್ತದೆ. ಮನುಷ್ಯರಿಗೆ ತಗಲುವುದರಲ್ಲಿ ಶೇ 90ಕ್ಕೂ ಹೆಚ್ಚು ಹೀಗೆ ಬಂದದ್ದು. ಬೇಗ ನಶಿಸದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದ, ಬಯಲಿನಲ್ಲಿ ಕಸ ಸುಡುವುದನ್ನು ಡಯಾಕ್ಸಿನ್ ಹುಟ್ಟಿಸುವ ಮೂಲಗಳಲ್ಲಿ ಹೆಸರಿಸಿಯೇ ಹೇಳಿದೆ. ಸೊಳ್ಳೆಯ ಮಾತಿಗಂತೂ ಉತ್ತರ ಸುಲಭ: ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಸರಿದರೂ ಅದು ಹುಟ್ಟುವ ನಿಂತ ನೀರು ಹಾಗೆಯೇ ಉಳಿದಿರುತ್ತದೆ.

ಆದರೆ ಇಷ್ಟನ್ನೂ ಅವರ ಮುಂದೆ ಒಪ್ಪಿಸಬೇಡಿ. ಹಿರಿಯರಿಗೆ ವಿಜ್ಞಾನದ ಪಾಠಕ್ಕಿಂತ ಮಗುವಿನ ಕಷ್ಟ ಬೇಗ ಅರ್ಥವಾಗುತ್ತದೆ. ಬೆಂಕಿ ಹಚ್ಚಿಲ್ಲದ ಒಂದು ಸಂಜೆ ಮಗಳನ್ನೂ ಕರೆದುಕೊಂಡು ಹೋಗಿ, ಬೆಳಗಿನ ಹೊಗೆಗೆ ಇವಳಿಗೆ ಉಸಿರಾಟ ಕಷ್ಟವಾಗುತ್ತಿದೆ, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು ಎಂದು ಹೇಳಿ. ಎಲೆಗಳನ್ನು ಎಲ್ಲಿ ಹಾಕುವುದೆಂಬ ಅವರ ಪ್ರಶ್ನೆ ನಿಜವಾದದ್ದು, ಅದಕ್ಕೆ ಉತ್ತರವನ್ನೂ ಕೈಯಲ್ಲಿ ಹಿಡಿದು ಹೋಗಬೇಕು. ಒಂದು ಮೂಲೆಯಲ್ಲಿ ಗುಂಡಿ ತೋಡಿಯೋ ತಂತಿಬಲೆಯ ಗೂಡು ಮಾಡಿಯೋ, ಎಲೆ ತುಂಬಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳುಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ; ತೋಡಿಕೊಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಪ್ಲಾಸ್ಟಿಕ್ ಮತ್ತು ವೈರನ್ನು ವಾರಕ್ಕೊಮ್ಮೆ ನಿಮ್ಮ ಒಣ ಕಸದ ಜೊತೆ ನೀವೇ ಕೊಟ್ಟುಬಿಡುವುದಾಗಿ ಹೇಳಿ. ಇದಾದ ಮೇಲೂ ಹೊಗೆ ನಿಲ್ಲದಿದ್ದರೆ ಸ್ಥಳೀಯ ಆಡಳಿತಕ್ಕೆ ಲಿಖಿತ ದೂರು ಕೊಡಿ. ಸಂಕೋಚ ಒಳ್ಳೆಯ ಗುಣವೇ, ಆದರೆ ಅದರ ಬೆಲೆಯನ್ನು ನಿಮ್ಮ ಮಗಳು ತೆರಬಾರದು.

ಪ್ರಶ್ನೆ: ಮಗುವನ್ನು ಶಾಲೆಯಿಂದ ಕರೆತರಲು ಬರುವವರು ಹತ್ತು ಹದಿನೈದು ನಿಮಿಷ ಎಂಜಿನ್ ಆಫ್ ಮಾಡದೆ ಗೇಟಿನ ಮುಂದೆಯೇ ನಿಂತಿರುತ್ತಾರೆ. ಮತ್ತೆ ಸ್ಟಾರ್ಟ್ ಮಾಡಿದರೆ ಹೆಚ್ಚು ಇಂಧನ ಸುಡುತ್ತದೆ ಎಂಬುದು ಅವರ ವಾದ. ಇದು ನಿಜವೇ?

ಉತ್ತರ: ನಿಜವಲ್ಲ. ಈಗಿನ ಕಾರುಗಳಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಎಂಜಿನ್ನನ್ನು ಸುಮ್ಮನೆ ಓಡಿಸುವುದಕ್ಕೆ, ಆರಿಸಿ ಮತ್ತೆ ಹಚ್ಚುವುದಕ್ಕಿಂತ ಹೆಚ್ಚು ಇಂಧನ ಬೇಕು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹಳೆಯ ಕಾಲದ ಕಾರ್ಬ್ಯುರೇಟರ್ ಎಂಜಿನ್ನುಗಳನ್ನು ಬಳಸಿದವರಲ್ಲಿ ಉಳಿದುಬಂದ ನಂಬಿಕೆ ಇದಾಗಿರಬಹುದು. ಮಕ್ಕಳ ಮೂಗು ಹೊಗೆ ಕೊಳವೆಗೆ ನಮಗಿಂತ ಹತ್ತಿರದಲ್ಲಿರುತ್ತದೆ, ತೂಕಕ್ಕೆ ಹೋಲಿಸಿದರೆ ಅವರು ನಮಗಿಂತ ಹೆಚ್ಚು ಗಾಳಿಯನ್ನು ಸೇದುತ್ತಾರೆ. ಒಬ್ಬೊಬ್ಬರ ಕಿಟಕಿ ತಟ್ಟುತ್ತ ಹೋಗುವ ಬದಲು ಮುಖ್ಯೋಪಾಧ್ಯಾಯರನ್ನು ಕಂಡು, ಗೇಟಿನ ಬಳಿ ಒಂದು ಫಲಕ ಹಾಕಿಸಿ, ಪೋಷಕರಿಗೆ ಹೋಗುವ ಸೂಚನೆಯಲ್ಲಿ ಈ 10 ಸೆಕೆಂಡಿನ ವಿಷಯವನ್ನು ಸೇರಿಸುವಂತೆ ಕೇಳಿ. ತಪ್ಪು ತಿಳಿವಳಿಕೆಯಿಂದ ನಡೆಯುವ ಅಭ್ಯಾಸ ಸರಿಯಾದ ಮಾಹಿತಿಯಿಂದ ಬಿಟ್ಟುಹೋಗುವ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದಾಗಬಹುದು.

ಪ್ರಶ್ನೆ: ನಮ್ಮ ತಂದೆಯವರು ಹಲ್ಲುಜ್ಜುವಾಗ, ಗಡ್ಡ ಹೆರೆಯುವಾಗ ನಲ್ಲಿಯನ್ನು ಬಿಟ್ಟೇ ಇರುತ್ತಾರೆ. ಸ್ನಾನದ ಮನೆಯ ನಲ್ಲಿ ಸದಾ ತೊಟ್ಟಿಕ್ಕುತ್ತಿರುತ್ತದೆ. ಹೇಳಿದರೆ "ಬಿಲ್ ಕಟ್ಟುವವನು ನಾನು" ಅನ್ನುತ್ತಾರೆ.

ಉತ್ತರ: ಬಿಲ್ಲಿನ ಮಾತು ಬಂದರೆ ವಾದಕ್ಕೆ ಹೋಗಬೇಡಿ, ಬಕೆಟ್ ಇಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಮಲಗುವ ಮುನ್ನ ಒಂದು ಖಾಲಿ ಬಕೆಟ್ ಇಟ್ಟು, ಬೆಳಿಗ್ಗೆ ಅದನ್ನು ಅಲ್ಲಿಯೇ ಬಿಡಿ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 20 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಹನಿಗಳಾಗಿ ಹೋಗುವಾಗ ಯಾರ ಕಣ್ಣಿಗೂ ಕಾಣದ ನೀರು ಬಕೆಟ್ಟಿನಲ್ಲಿ ನಿಂತಾಗ ಕಾಣುತ್ತದೆ, ನೀವು ಬಾಯಿಬಿಟ್ಟು ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ. ಹೆಚ್ಚಿನ ನಲ್ಲಿಗಳಲ್ಲಿ ಸವೆದಿರುವುದು ಒಂದು ವಾಷರ್ ಅಷ್ಟೇ, ಅದನ್ನು ನೀವೇ ಬದಲಾಯಿಸಿ. ಹಲ್ಲುಜ್ಜುವಾಗ ಬಿಟ್ಟ ನಲ್ಲಿಯಿಂದ ನಿಮಿಷಕ್ಕೆ 6ರಿಂದ 10 ಲೀಟರ್ ಹರಿಯುವುದು ಸಾಮಾನ್ಯ; ನೀರಿಗೆ ಗಾಳಿ ಬೆರೆಸಿ ಬಿಡುವ ಜಾಲರಿಯೊಂದನ್ನು ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸಿದರೆ, ಅಪ್ಪನವರು ಅಭ್ಯಾಸ ಬದಲಿಸದಿದ್ದರೂ ಅದು ಗಮನಾರ್ಹವಾಗಿ ಇಳಿಯುತ್ತದೆ. ಎಪ್ಪತ್ತು ವರ್ಷದವರ ಸ್ವಭಾವವನ್ನು ತಿದ್ದುವುದಕ್ಕಿಂತ ನಲ್ಲಿಯನ್ನು ತಿದ್ದುವುದು ಸುಲಭ, ಮನೆಯ ನೆಮ್ಮದಿಯೂ ಉಳಿಯುತ್ತದೆ.

ಪ್ರಶ್ನೆ: ಕಾರ್ಖಾನೆಗಳು, ಕಲ್ಲಿದ್ದಲು ಸ್ಥಾವರಗಳು ಜಗತ್ತನ್ನೇ ಕೆಡಿಸುತ್ತಿರುವಾಗ ಸಾಮಾನ್ಯ ಜನರ ಚೀಲ, ಬಾಟಲಿಗಳ ಮೇಲೆ ಕೋಪ ಮಾಡಿಕೊಳ್ಳುವುದು ಅನ್ಯಾಯವಲ್ಲವೇ? ಈ ಅಂಕಣವೂ ಅದಕ್ಕೆ ಇಂಬು ಕೊಡುತ್ತಿದೆ ಎಂದು ನನ್ನ ಆಕ್ಷೇಪಣೆ.

ಉತ್ತರ: ನಿಮ್ಮ ಆಕ್ಷೇಪಣೆಯ ಬಹುಪಾಲನ್ನು ಒಪ್ಪುತ್ತೇನೆ. ಪೆಟ್ರೋಲಿಗೆ ಸೀಸ ಬೆರೆಸುವುದು ಜಗತ್ತಿನಲ್ಲಿ ಪೂರ್ತಿಯಾಗಿ ನಿಂತದ್ದು 2021ರಲ್ಲಿ, ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ ಅದರ ಮಾರಾಟ ನಿಂತಾಗ. ಅದು ಒಬ್ಬೊಬ್ಬ ಚಾಲಕನ ಮನಃಪರಿವರ್ತನೆಯಿಂದ ಆದ ಕೆಲಸವಲ್ಲ, ಒಂದೊಂದು ದೇಶವೂ ಕಾನೂನು ತಂದದ್ದರಿಂದ ಆದದ್ದು. ಓಜೋನ್ ಪದರವನ್ನು ತಿನ್ನುತ್ತಿದ್ದ ಅನಿಲಗಳನ್ನು ಹಂತಹಂತವಾಗಿ ಕೈಬಿಡುವಂತೆ ಮಾಡಿದ್ದು 1987ರ ಮಾಂಟ್ರಿಯಲ್ ಒಪ್ಪಂದ. ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಒಂದು ಸಣ್ಣ ತೆರಿಗೆ ಹಾಕಿದಾಗ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಅದಕ್ಕೆ ಮುಂಚೆ ಆ ದೇಶದ ಜನ ಕೆಟ್ಟವರಾಗಿದ್ದರು, ಆಮೇಲೆ ಒಳ್ಳೆಯವರಾದರು ಎಂದು ಯಾರೂ ಹೇಳಲಾರರು. ಆದ್ದರಿಂದ ಪಕ್ಕದ ಮನೆಯವರ ಬಾಟಲಿಯ ಮೇಲೆ ಇಡೀ ದಿನದ ಸಿಟ್ಟನ್ನು ಖರ್ಚು ಮಾಡಿ, ಆ ಬಾಟಲಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಬೇಕೆಂಬ ಬೇಡಿಕೆಗೆ ಸಹಿ ಹಾಕಲು ಬೇಸರಪಡುವವರನ್ನು ಕಂಡರೆ ನನಗೂ ದುಃಖವಾಗುತ್ತದೆ.

ಆದರೆ ಎಲ್ಲವೂ ಕಾರ್ಖಾನೆಯದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ಆ ಪಾಲನ್ನು ಯಾವ ಕಂಪನಿಯ ತಲೆಗೂ ಕಟ್ಟಲಾಗುವುದಿಲ್ಲ.

ಪ್ರಶ್ನೆ: ನನಗೆ ಇಪ್ಪತ್ತೆರಡು ವರ್ಷ. ಬಾಲ್ಯದಿಂದ ಜೊತೆಗಿರುವ ಸ್ನೇಹಿತನೊಬ್ಬ ಸಿಗರೇಟು ಸೇದಿ ಅದರ ತುಂಡನ್ನು ಪ್ರತಿ ಸಲವೂ ಚರಂಡಿಗೆ ಎಸೆಯುತ್ತಾನೆ. ಹೇಳಿದರೆ "ಬರೀ ಹತ್ತಿ ತಾನೇ, ಕರಗಿ ಹೋಗುತ್ತದೆ" ಎಂದು ನಗುತ್ತಾನೆ. ಇತ್ತೀಚೆಗೆ ಅವನನ್ನು ಕಂಡರೆ ನನಗೆ ತಿರಸ್ಕಾರ ಹುಟ್ಟುತ್ತಿದೆ. ಸ್ನೇಹವನ್ನೇ ಬಿಡಬೇಕೆನ್ನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದ ತಿರಸ್ಕಾರ. ಸಿಟ್ಟಿಗೆ ಒಂದು ಬೇಡಿಕೆ ಇರುತ್ತದೆ, ಎದುರಿಗಿರುವವನು ಬದಲಾಗಲಿ ಎಂಬ ಆಸೆ ಇರುತ್ತದೆ. ತಿರಸ್ಕಾರ ಅವನು ಬದಲಾಗುವುದಿಲ್ಲವೆಂದು ಮೊದಲೇ ತೀರ್ಮಾನಿಸಿರುತ್ತದೆ. ಬಾಲ್ಯದಿಂದ ಗೊತ್ತಿರುವ ಒಬ್ಬನನ್ನು ಒಂದು ತುಂಡಿನಿಂದ ಅಳೆಯುವ ಮುನ್ನ, ಅವನು ಹೇಳಿದ ಮಾತನ್ನೇ ಇನ್ನೊಮ್ಮೆ ಕೇಳಿಸಿಕೊಳ್ಳಿ. ಅದು ಹತ್ತಿಯೆಂದು ಅವನು ನಿಜವಾಗಿಯೂ ನಂಬಿದ್ದಾನೆ. ನೋಡಲು ಹತ್ತಿಯಂತೆಯೇ ಇರುವ ಆ ಬಿಳಿಯ ಭಾಗ ಸೆಲ್ಯುಲೋಸ್ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್. ಅದು ವರ್ಷಗಟ್ಟಲೆ ಉಳಿದು ಸೂಕ್ಷ್ಮವಾದ ಎಳೆಗಳಾಗಿ ಒಡೆಯುತ್ತದೆ, ಹೀರಿಕೊಂಡಿದ್ದ ನಿಕೋಟಿನ್ ಮತ್ತು ಭಾರಲೋಹಗಳನ್ನು ನೀರಿಗೆ ಬಿಡುತ್ತದೆ. ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಹೀಗೆ ಬಯಲಿಗೆ ಬೀಳುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಚರಂಡಿಗೆ ಎಸೆದರೆ ಕಣ್ಣಿಗೆ ಮರೆಯಾಗುತ್ತದೆ, ಆದ್ದರಿಂದ ಅದನ್ನೇ ಅಚ್ಚುಕಟ್ಟು ಎಂದು ಭಾವಿಸುವವರಿದ್ದಾರೆ. ಆದರೆ ಮಳೆನೀರಿನ ಚರಂಡಿ ಬಹಳ ಕಡೆ ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹೊಳೆಗೋ ಕೆರೆಗೋ ಸೇರುತ್ತದೆ.

ಇದನ್ನು ಅವನಿಗೆ ಹೇಳಿ, ನಾಲ್ಕು ಜನರ ಮುಂದೆ ಹೇಳಬೇಡಿ. ಎಸೆದ ಮೇಲೆಯೂ ಹೇಳಬೇಡಿ, ಏಕೆಂದರೆ ಆಗ ಅವನಿಗೆ ಉಳಿಯುವುದು ಸಮರ್ಥನೆ ಒಂದೇ. ಮುಚ್ಚಳ ಬಿಗಿಯಾಗಿರುವ ಒಂದು ಪುಟ್ಟ ತಗಡಿನ ಡಬ್ಬಿಯನ್ನು ತೊಳೆದು ಒಣಗಿಸಿ ನಿಮ್ಮ ಜೇಬಿನಲ್ಲಿ ಇಟ್ಟುಕೊಂಡಿರಿ, ಮುಂದಿನ ಸಲ ಅವನು ಸಿಗರೇಟು ಹಚ್ಚುವುದಕ್ಕೆ ಮುಂಚೆಯೇ ಅದನ್ನು ಅವನ ಕೈಗೆ ಕೊಡಿ. ನಕ್ಕರೆ ನಗಲಿ. ಡಬ್ಬಿ ಅವನ ಬಳಿಯೇ ಉಳಿಯುತ್ತದೋ ನಿಮ್ಮ ಕೈಗೆ ಮರಳುತ್ತದೋ ಎಂಬುದನ್ನು ಒಂದೆರಡು ತಿಂಗಳು ನೋಡಿ, ಸ್ನೇಹದ ವಿಷಯವನ್ನು ಆಮೇಲೆ ಯೋಚಿಸಿ.